ಬೀಗದ ಕೈ ಕೊನೆಗೆ ಯಾರ ಹತ್ತಿರ?

ಪ್ರಿಯ ತಂಗಿ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕಾಗುಣಿತ, ಅಧ್ಯಾಯದ ಉದ್ದ, ಪ್ರಕಾಶಕರ ವಿಳಾಸ ಇವನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ, ಬಿಡು. ಗಟ್ಟಿ ನಾಯಕಿಯಿರುವ ಪತ್ತೇದಾರಿ ಕಾದಂಬರಿ ಯಾವುದನ್ನು ಓದಲಿ ಅಂತ ಕೇಳಿದ್ದೀಯಲ್ಲ, ಅದಕ್ಕಷ್ಟೇ ಈ ಉತ್ತರ.

ಮೊದಲು ವಿಲ್ಕಿ ಕಾಲಿನ್ಸ್ ಬರೆದ ‘ದಿ ವುಮನ್ ಇನ್ ವೈಟ್’. 1859ರ ನವೆಂಬರಿನಿಂದ ಧಾರಾವಾಹಿಯಾಗಿ ಬಂದದ್ದು. ಅದರಲ್ಲಿ ಮರಿಯನ್ ಹಾಲ್ಕೊಂಬ್ ರಾತ್ರಿ ಹೊತ್ತು ಮಾಡಿನ ಮೇಲೆ ಕೂತು, ಕೆಳಗೆ ಇಬ್ಬರು ಗಂಡಸರು ಹೂಡುವ ಸಂಚನ್ನು ಕದ್ದು ಕೇಳುತ್ತಾಳೆ. ಆ ಭಾಗವನ್ನು ಪೆನ್ಸಿಲ್ ಹಿಡಿದು ಓದು. ಸರಬರ ಸದ್ದಾದೀತೆಂದು ಮೊದಲು ರೇಷ್ಮೆ ಗೌನು ಕಳಚುತ್ತಾಳೆ. ಬಿಳಿಯ ಒಳಬಟ್ಟೆಗಳನ್ನು ತೆಗೆದು ಗಾಢ ಬಣ್ಣದ ಫ್ಲಾನೆಲ್ ಒಳಲಂಗ ಹಾಕಿಕೊಂಡು, ಮೇಲೆ ಕಪ್ಪು ನಿಲುವಂಗಿ ತೊಡುತ್ತಾಳೆ. ಧೈರ್ಯ ಅಲ್ಲಿ ಬಟ್ಟೆಯ ಲೆಕ್ಕಾಚಾರವಾಗಿ ಬರುತ್ತದೆ. ನಿನ್ನ ಮೂರನೇ ಅಧ್ಯಾಯದಲ್ಲಿ ‘ದಿಟ್ಟೆ’ ಅನ್ನುವ ಪದ ಹನ್ನೊಂದು ಸಲ ಬಂದಿದೆ. ಒಂದೂ ಬೇಡ.

ನನ್ನ ಹಳೇ ಸಿಟ್ಟೂ ಅದೇ ಪುಸ್ತಕದ ಮೇಲೆ. ಮಳೆಯಲ್ಲಿ ನೆಂದ ಮರಿಯನ್ ಜ್ವರ ಬಂದು ಮಲಗುತ್ತಾಳೆ, ಅವಳ ದಿನಚರಿ ಖಳನ ಕೈಗೆ ಸಿಗುತ್ತದೆ. ಮುಂದಿನ ಪತ್ತೆಯ ಬಹುಪಾಲು ವಾಲ್ಟರ್ ಎಂಬ ಗಂಡಸಿನದು. ಡೊರೊತಿ ಸೇಯರ್ಸ್ ಬರೆದ ‘ಗಾಡಿ ನೈಟ್’ (1935) ಇನ್ನೂ ನೋಯಿಸುತ್ತದೆ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹರಿದಾಡುವ ಅನಾಮಧೇಯ ಪತ್ರಗಳ ಬೆನ್ನು ಹತ್ತಿ ಹ್ಯಾರಿಯೆಟ್ ವೇನ್ ಒಂದೊಂದೇ ಘಟನೆಯನ್ನು ಬರೆದಿಡುತ್ತಾಳೆ. ಕೊನೆಗೆ ಎಲ್ಲರೆದುರು ಬಿಡಿಸಿ ಹೇಳುವವನು ಲಾರ್ಡ್ ಪೀಟರ್ ಎಂಬ ಗಂಡಸು ಪತ್ತೇದಾರ. ಓದಲೇಬೇಕಾದ ಪುಸ್ತಕ. ಆ ಜಾಗ ಬಂದಾಗ ಮಾತ್ರ ಸ್ವಲ್ಪ ನಿಂತುಕೋ.

ನೀನೂ ಅದನ್ನೇ ಮಾಡಿದ್ದೀಯ. ಇಪ್ಪತ್ತು ಅಧ್ಯಾಯ ದುಡಿದವಳನ್ನು ಇಪ್ಪತ್ತೊಂದರಲ್ಲಿ ಆಸ್ಪತ್ರೆಗೆ ಸೇರಿಸಿ, ಕಥೆಯನ್ನು ಇನ್‌ಸ್ಪೆಕ್ಟರ್ ಕೈಗೆ ಕೊಟ್ಟುಬಿಟ್ಟೆ. ಯಾಕಮ್ಮ? ಅವಳೇ ಕಂಡುಹಿಡಿದ ಸುಳಿವಿಗೆ ಕೆಂಪು ಗೆರೆ, ಬೇರೆಯವರು ತಂದುಕೊಟ್ಟದ್ದಕ್ಕೆ ನೀಲಿ ಗೆರೆ ಎಳೆದು ನೋಡು. ನಿನ್ನ ಕೊನೆಯ ಐದು ಅಧ್ಯಾಯ ಬರೀ ನೀಲಿ. ಶವಪರೀಕ್ಷೆಯ ವರದಿ, ಫೋನ್ ದಾಖಲೆ ಹೀಗೆ ಪೊಲೀಸರಿಗಷ್ಟೇ ಸಿಗುವ ವಸ್ತುಗಳ ಮೇಲೆ ಗಂಟು ಹಾಕಿದ್ದೀಯ, ಅವಳು ಹೇಗೆ ಬಿಚ್ಚಿಯಾಳು? ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್‌ಗೆ ಪ್ರಯೋಗಾಲಯವಿಲ್ಲ. ಆ ಪತ್ತೇದಾರಿಣಿ ಬರುವ ಮೊದಲ ಕಾದಂಬರಿಯಲ್ಲೇ (1930) ನೋಡು, ತೋಟದ ಕೆಲಸ, ಹಕ್ಕಿ ನೋಡುವ ದುರ್ಬೀನು, ಊರವರ ಸ್ವಭಾವದ ನೆನಪು, ಇಷ್ಟರಲ್ಲೇ ಬಿಡಿಸುತ್ತಾಳೆ.

ಆಮೇಲೆ ಮಾರ್ಗರೆಟ್ ಅಟ್‌ವುಡ್ ಬರೆದ ‘ಏಲಿಯಸ್ ಗ್ರೇಸ್’ (1996). 1843ರಲ್ಲಿ ಕೆನಡಾದಲ್ಲಿ ನಿಜವಾಗಿ ನಡೆದ ಜೋಡಿ ಕೊಲೆಯ ಸುತ್ತ ಕಟ್ಟಿದ್ದು. ಡಾಕ್ಟರು ಸೇಬು, ಗೆಡ್ಡೆಗೆಣಸು ತಂದು ಮುಂದಿಟ್ಟು, ಆ ಕೊಲೆಗಾಗಿ ಜೈಲಿನಲ್ಲಿರುವ ಗ್ರೇಸ್‌ಳ ನೆನಪು ಕೆದಕುತ್ತಾನೆ. ಅವಳು ಹೊಲಿಯುತ್ತ ಕೂತು, ತನಗೆ ಬೇಕಾದಷ್ಟನ್ನೇ ಹೇಳುತ್ತಾಳೆ. ಬೀಗದ ಕೈ ಕೊನೆಯವರೆಗೂ ಅವಳ ಮುಷ್ಟಿಯಲ್ಲೇ.

ಇಪ್ಪತ್ತೊಂದನೇ ಅಧ್ಯಾಯ ತೆಗೆದುಹಾಕು. ನಾಲ್ಕರಲ್ಲಿ ನಿನ್ನ ನಾಯಕಿಯ ಕೈಗೆ ಬಂದ ಔಷಧಿ ಚೀಟಿಯನ್ನು ನೀನು ಮರೆತೇಬಿಟ್ಟಿದ್ದೀಯ. ಅದರ ತಾರೀಖನ್ನು ಅವಳೇ ನೋಡಲಿ. ತಿದ್ದಿದ್ದನ್ನು ಕಳಿಸು, ಕಾಯುತ್ತಿರುತ್ತೇನೆ.

ಅಕ್ಕರೆಯಿಂದ,
ನಿನ್ನ ಅಕ್ಕ