ಕಿಂಗ್ ಹೆನ್ರಿ ರಸ್ತೆಯ 10ನೇ ನಂಬರ್ ಮನೆ

ಗೆಳೆಯಾ,

ಲಂಡನ್ನಿನಲ್ಲಿ ಅಂಬೇಡ್ಕರ್ ಇದ್ದ ಮನೆ ನೋಡಿ ಬರೆ ಅಂದಿದ್ದೆಯಲ್ಲ, ಮೊನ್ನೆ ಹೋಗಿಬಂದೆ. ನೀನು ಮನೆ ಕಟ್ಟಿಸುವವನು, ಹಾಗಾಗಿ ಗೋಡೆಯಿಂದಲೇ ಶುರುಮಾಡುತ್ತೇನೆ.

ಪ್ರಿಮ್‌ರೋಸ್ ಹಿಲ್ ಪಕ್ಕದ ಈ ಬೀದಿಯ ಜಾಗ ಈಟನ್ ಕಾಲೇಜಿನದಾಗಿತ್ತು. ಆ ಕಾಲೇಜು ಕಟ್ಟಿಸಿದ ದೊರೆ 6ನೇ ಹೆನ್ರಿಯ ಹೆಸರೇ ರಸ್ತೆಗೆ. ಹೊಲವಾಗಿದ್ದ ನೆಲದಲ್ಲಿ 19ನೇ ಶತಮಾನದಲ್ಲಿ ಸಾಲುಮನೆಗಳೆದ್ದವು. ನಮ್ಮ ವಠಾರದ ಹಾಗೆ ಎರಡು ಮನೆಗೂ ನಡುವೆ ಒಂದೇ ಗೋಡೆ, ಆದರೆ ಇಲ್ಲಿ ಮನೆ ಬೆಳೆಯುವುದು ಮೇಲಕ್ಕೆ. ಆ ಕಾಲದ ಇಂಥ ಮನೆಗಳಲ್ಲಿ ಅಡುಗೆ ನೆಲಮಾಳಿಗೆಯಲ್ಲಿ, ಯಜಮಾನರು ನಡುವೆ, ಆಳುಗಳು ಸೂರಿನಡಿ. ಮೇಲೇರಿದಂತೆ ಕಿಟಕಿ ಕುಗ್ಗುತ್ತದೆ, ಮೆಟ್ಟಿಲು ಇಕ್ಕಟ್ಟಾಗುತ್ತದೆ. ಕಿಟಕಿಯ ಎತ್ತರ ನೋಡಿಯೇ ಒಳಗಿದ್ದವರ ಅಂತಸ್ತು ಹೇಳಬಹುದು. ಕನ್ನಡದಲ್ಲಿ ಮಹಡಿಗೂ ಸ್ಥಾನಮಾನಕ್ಕೂ ಒಂದೇ ಪದ ಇರುವುದು ಅಲ್ಲಿ ನಿಂತಾಗ ನನಗೆ ಹೊಳೆಯಿತು.

ಅಂಬೇಡ್ಕರ್ ಇಲ್ಲಿ ಬಾಡಿಗೆಗಿದ್ದದ್ದು 1921-22ರಲ್ಲಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದುವಾಗ. ಹಗಲೆಲ್ಲ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯ. ರಾತ್ರಿ ಹಸಿವಾದರೆ ಪರಿಚಯದವರೊಬ್ಬರು ಕೊಟ್ಟ ಹಪ್ಪಳವೇ ಆಧಾರ. ಒಂದು ಕೋಣೆಯನ್ನು ಅಂಬೇಡ್ಕರರ ಮಲಗುಕೋಣೆಯಂತೆ ಜೋಡಿಸಿದ್ದಾರೆ. ಆ ಮಂಚ ನೋಡುತ್ತಾ ನನಗೆ ನೆನಪಾದದ್ದು ಆ ಹಪ್ಪಳವೇ.

2015ರಲ್ಲಿ ಮಹಾರಾಷ್ಟ್ರ ಸರ್ಕಾರ 30 ಲಕ್ಷ ಪೌಂಡಿಗೂ ಹೆಚ್ಚು ಕೊಟ್ಟು ಮನೆ ಕೊಂಡಿತು. ಅದೇ ವರ್ಷ ನವೆಂಬರ್ 14ರಂದು ಪ್ರಧಾನಿ ಮೋದಿ ಅದನ್ನು ಸ್ಮಾರಕವಾಗಿ ಉದ್ಘಾಟಿಸಿದರು. ಅಂದೇ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆಯೂ ಅನಾವರಣಗೊಂಡಿತು. ಕನ್ನಡಿಗರಾದ ನಾವು ಎರಡನ್ನೂ ಒಂದೇ ದಿನ ನೋಡಬೇಕು, ನಾನು ಹಾಗೇ ಮಾಡಿದೆ.

ಆದರೆ ಮನೆ ಮ್ಯೂಸಿಯಂ ಆಗುವುದು ಅಷ್ಟು ಸಲೀಸಾಗಲಿಲ್ಲ. ಇಲ್ಲಿ ವಾಸದ ಮನೆಯನ್ನು ಬೇರೆ ಕೆಲಸಕ್ಕೆ ಬಳಸಲು ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಊರಲ್ಲಿ ವಾಸದ ಜಾಗ ಕಡಿಮೆಯಾಗುತ್ತದೆಂದು 2018ರಲ್ಲಿ ಕ್ಯಾಮ್ಡೆನ್ ಕೌನ್ಸಿಲ್ ನಿರಾಕರಿಸಿತು, ಜನಸಂದಣಿ, ಗದ್ದಲ ಎಂದು ನೆರೆಯ ಕೆಲವರೂ ತಕರಾರು ತೆಗೆದಿದ್ದರು. ಮೇಲ್ಮನವಿ, ವಿಚಾರಣೆ ಎಲ್ಲ ಮುಗಿದು 2020ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಅನುಮತಿ ಕೊಟ್ಟಿತು. ಮನೆಗಳ ಕೊರತೆ ಲಂಡನ್ನಿನಲ್ಲಿ ನಿಜವಾದ ಕಷ್ಟ, ಕೌನ್ಸಿಲ್ಲಿನವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೂ ಈ ಮನೆ ಉಳಿಯಬೇಕಿತ್ತು.

ಯಾಕೆ ಗೊತ್ತೇ? ಇಲ್ಲಿಗೆ ಬರುವ ಕೆಲವೇ ವರ್ಷ ಮುಂಚೆ ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಅಂಬೇಡ್ಕರರಿಗೆ ನೆಲೆಯೂರಲು ಜಾಗ ಸಿಗಲಿಲ್ಲ. ಉಳಿದಿದ್ದ ಪಾರ್ಸಿ ವಸತಿಗೃಹಕ್ಕೆ ದೊಣ್ಣೆ ಹಿಡಿದು ಬಂದವರು, ಜಾತಿಯ ಕಾರಣಕ್ಕೆ ಅವರನ್ನು ಹೊರಡಿಸಿದರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿಬಂದವರಿಗೆ ಹೀಗಾಯಿತು. ಅಂಥವರಿಗೆ ಈ ಬೀದಿಯಲ್ಲಿ, ನೆರೆಯವರೊಂದಿಗೆ ಗೋಡೆ ಹಂಚಿಕೊಂಡ ಮನೆಯಲ್ಲಿ ಬಾಡಿಗೆಗೆ ಜಾಗ ಸಿಕ್ಕಿತ್ತು.

ಹೊರಡುವ ಮುನ್ನ ಆ ನಡುಗೋಡೆಗೆ ಅಂಗೈ ಇಟ್ಟು ನಿಂತೆ. ಆಚೆ ಮನೆಯಲ್ಲಿ ಯಾರೋ ಮೆಟ್ಟಿಲಿಳಿಯುವ ಸದ್ದು ಕೇಳಿಸುತ್ತಿತ್ತು.

ನಿನ್ನ ಗೆಳೆಯ