ಕವಿತಾಳಿಗೆ ದೊಡ್ಡಪ್ಪನ ಕಾಗದ

ವಿದ್ಯಾನಗರ, ದಾವಣಗೆರೆ

ಚಿ. ಕವಿತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಫೋನು ಬಂದ ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ. ಆಸ್ಟ್ರೇಲಿಯಾಕ್ಕೆ ಹೋಗುವ ಆಸೆ ಹೇಳಿಕೊಂಡೆ, ಅದು ನನಗೆ ಸಂತೋಷವೇ. ಆದರೆ ಬೆಂಗಳೂರಿನ ಯಾರೋ ಕನ್ಸಲ್ಟೆಂಟ್ ಮೂರೂವರೆ ಲಕ್ಷ ಕೊಟ್ಟರೆ ನಡುವಿನ ಖಾಲಿ ಒಂದೂವರೆ ವರ್ಷಕ್ಕೆ ಕೆಲಸದ ಪತ್ರ ತಾವೇ ತಂದುಕೊಡುತ್ತೇವೆ ಅಂದರು ಎಂದೆಯಲ್ಲ, ಆ ಮಾತು ನನ್ನನ್ನು ಕೊರೆಯುತ್ತಿದೆ. ಫೋನಿನಲ್ಲಿ ಹೇಳಿದರೆ "ಆಯ್ತು ದೊಡ್ಡಪ್ಪ" ಅಂದುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಎರಡು ಸಲ ಓದು.

ನಿನ್ನ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲಿ ನಾಲ್ಕು ದಿನ ಓದಿಸಿದೆ. ಅಲ್ಲಿ ನೆಲೆಸುವ ವೀಸಾಕ್ಕೆ ಅಂಕ ಎಣಿಸುತ್ತಾರೆ, ನಿನ್ನ ಲೆಕ್ಕ ಹೀಗಿದೆ. 25ರಿಂದ 32 ವಯಸ್ಸಿನವರಿಗೆ 30 ಅಂಕ. ಬಿ.ಇ.ಗೆ 15. ಮದುವೆಯಾಗಿಲ್ಲದ್ದಕ್ಕೆ 10. ಬೆಂಗಳೂರಿನ ಕಂಪನಿಯ 4 ವರ್ಷ 5 ತಿಂಗಳಿಗೆ 5. ಒಟ್ಟು 60. ಅರ್ಜಿಯ ಬಾಗಿಲಿಗೆ ಬರಬೇಕೆಂದರೇ 65 ಬೇಕು, ಮತ್ತು 65 ಬಂದವರನ್ನೆಲ್ಲ ಅವರು ಅರ್ಜಿ ಹಾಕಲು ಕರೆಯುವುದಿಲ್ಲ, ಹೆಚ್ಚು ಇದ್ದವರನ್ನು ಮೊದಲು ಕರೆಯುತ್ತಾರೆ. ಬರುವ ಫೆಬ್ರವರಿಗೆ ನಿನಗೆ 33 ತುಂಬುತ್ತದೆ. ಅವತ್ತಿಗೆ ವಯಸ್ಸಿನ 30 ಹೋಗಿ 25 ಆಗುತ್ತದೆ. ಕರೆ ಬಂದ ದಿನದ ವಯಸ್ಸೇ ಲೆಕ್ಕ, ಅರ್ಜಿ ಹಾಕಿದ ದಿನದ್ದಲ್ಲ. ನಿನ್ನ ಅವಸರ ನನಗೆ ಅರ್ಥವಾಗುತ್ತದೆ. ಆ ಕನ್ಸಲ್ಟೆಂಟಿಗೂ ಅರ್ಥವಾಗಿದೆ, ಅದಕ್ಕೇ ಅಷ್ಟು ರೇಟು ಹೇಳಿದ್ದಾನೆ.

ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಒಟ್ಟು 7.5 ಬಂತು ಅಂತ ನಿಮ್ಮಮ್ಮ ಬೀದಿಗೆಲ್ಲ ಪೇಡ ಹಂಚಿದಳು. ಅಲ್ಲಿ ಒಟ್ಟು ನೋಡುವುದಿಲ್ಲ ತಾಯಿ. ನಾಲ್ಕೂ ಭಾಗದಲ್ಲಿ 7 ಬಂದರೆ 10 ಅಂಕ, ನಾಲ್ಕರಲ್ಲೂ 8 ಬಂದರೆ 20. ನಿನಗೆ ಬರವಣಿಗೆಯಲ್ಲಿ 6.5 ಬಂದಿದೆ, ಆ ಅರ್ಧಕ್ಕೆ ಹತ್ತೂ ಹೋಯಿತು. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಗಡಿಯಾರ ಇಟ್ಟುಕೊಂಡು 40 ನಿಮಿಷದಲ್ಲಿ 250 ಪದದ ಒಂದು ಪ್ರಬಂಧ ಬರಿ. ಬರವಣಿಗೆಯ ಎರಡು ಪ್ರಶ್ನೆಗಳಲ್ಲಿ ಪ್ರಬಂಧ ಕೇಳುವ ಎರಡನೆಯದಕ್ಕೇ ತೂಕ ಜಾಸ್ತಿ. ಎರಡು ತಿಂಗಳು ಬಿಡದೆ ಬರೆದರೆ ಆ ಅರ್ಧ ಬರುತ್ತದೆ, ನಿನ್ನ ಕೈ ನನಗೆ ಗೊತ್ತು.

ಈಗ ಅನುಭವದ ಮಾತು. ನಿನ್ನ ಹಳೇ ಪಾಸ್‌ಬುಕ್ ಹುಡುಕಿಸಿದೆ. ನಿಮ್ಮಮ್ಮನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಸಿಕ್ಕಿತು. ಅಕ್ಷರ ಮಾಸಿ ಹೋಗಿವೆ, ಕಿಟಕಿ ಬೆಳಕಿಗೆ ಹಿಡಿದರೆ ಓದಲು ಬರುತ್ತದೆ. ಇಲ್ಲಿ ಕಂಟ್ರಾಕ್ಟರ್ ಹತ್ತಿರ ಎರಡು ವರ್ಷ ದುಡಿದೆಯಲ್ಲ, ಮೊದಲ 10 ತಿಂಗಳು ಒಂದು ಪೈಸೆಯೂ ಬ್ಯಾಂಕಿಗೆ ಬಂದಿಲ್ಲ, ಎಲ್ಲ ಕವರಿನಲ್ಲಿ ನಗದು. ಆಮೇಲೆ 14 ತಿಂಗಳು ಪ್ರತಿ ತಿಂಗಳೂ ಚೆಕ್ ಜಮಾ ಆಗಿದೆ, ನಾನೇ ಬೆರಳಿಟ್ಟು ಎಣಿಸಿದೆ. 4 ವರ್ಷ 5 ತಿಂಗಳಿಗೆ ಈ 14 ತಿಂಗಳು ಸೇರಿಸು: 5 ವರ್ಷ 7 ತಿಂಗಳು. 5 ವರ್ಷ ದಾಟಿದರೆ ಅನುಭವಕ್ಕೆ 5ರ ಬದಲು 10 ಅಂಕ. ನಿನಗೆ ಬೇಕಾದದ್ದು ನಿನ್ನ ಪಾಸ್‌ಬುಕ್ಕಿನಲ್ಲೇ ಇತ್ತು ಮಗಳೇ. ನಗದಿನ ಹತ್ತು ತಿಂಗಳನ್ನು ಕೇಳಲೇ ಬೇಡ, ಬಿಟ್ಟುಬಿಡು.

ಕಂಟ್ರಾಕ್ಟರನ್ನು ನಾನು ನೋಡಿ ಬಂದೆ. ಒಳ್ಳೆಯ ಮನುಷ್ಯ, "ಪ್ರಾಜೆಕ್ಟ್ ಮ್ಯಾನೇಜರ್ ಅಂತಲೇ ಬರೆದುಕೊಡ್ತೀನಿ" ಅಂದ. ಬೇಡ ಅಂದೆ. ಸೈಟ್ ಇಂಜಿನಿಯರ್, ಯಾವ ತಾರೀಖಿನಿಂದ ಯಾವ ತಾರೀಖಿಗೆ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಏನೇನು ಕೆಲಸ, ಇಷ್ಟನ್ನು ಲೆಟರ್‌ಹೆಡ್ಡಿನಲ್ಲಿ ಸಹಿ, ಫೋನ್ ನಂಬರ್ ಸಮೇತ ಕೊಟ್ಟರೆ ಸಾಕು. ನೀನು ಅದರ ಜೊತೆ ಪಾಸ್‌ಬುಕ್ಕಿನ ಆ ಪುಟಗಳನ್ನು ಇಡು. ಬೆಂಗಳೂರಿನದಕ್ಕೆ ಪಿಎಫ್, ಫಾರ್ಮ್ 16, ಸಂಬಳದ ಚೀಟಿ ಎಲ್ಲ ಇವೆ.

ಆ ಖಾಲಿ ಒಂದೂವರೆ ವರ್ಷ ಯಾವುದು ಅಂತ ಕನ್ಸಲ್ಟೆಂಟಿಗೆ ಗೊತ್ತಿಲ್ಲ. ನಮಗೆ ಗೊತ್ತು. ನಿಮ್ಮಪ್ಪ ಹಾಸಿಗೆ ಹಿಡಿದಾಗ ನೀನು ಕೆಲಸ ಬಿಟ್ಟು ಬಂದು ಗಂಜಿ ಕುಡಿಸಿ, ಮೈ ಒರೆಸಿ, ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಆಟೋದಲ್ಲಿ ಕರೆದುಕೊಂಡು ಹೋದ ದಿನಗಳವು. ಅದಕ್ಕೆ ಅಲ್ಲಿ ಅಂಕವಿಲ್ಲ. ಇಲ್ಲದಿದ್ದರೆ ಬೇಡ. ಆ ದಿನಗಳ ಮೇಲೆ ಯಾವುದೋ ಇಲ್ಲದ ಕಂಪನಿಯ ಹೆಸರು ಬರೆಸಿದರೆ ನನ್ನ ತಮ್ಮನ ಕೊನೆಯ ವರ್ಷವನ್ನೇ ಅಳಿಸಿದಂತೆ ನನಗೆ ಅನಿಸುತ್ತದೆ. ಕಾನೂನಿನ ಮಾತೂ ಹೇಳಿಬಿಡುತ್ತೇನೆ: ಸುಳ್ಳು ದಾಖಲೆ ಕೊಟ್ಟದ್ದು ಗೊತ್ತಾದರೆ ಅರ್ಜಿ ಬೀಳುತ್ತದೆ, ಮೇಲೆ 3 ವರ್ಷ ಬಾಗಿಲು ಮುಚ್ಚುತ್ತದೆ. ಪತ್ರ ಕೊಟ್ಟವರಿಗೆ ಫೋನ್ ಮಾಡಿ ವಿಚಾರಿಸುವುದೂ ಉಂಟು.

ಸಹಾಯ ಬೇಕೇ ಬೇಕು ಅನಿಸಿದರೆ ಆಸ್ಟ್ರೇಲಿಯಾದಲ್ಲಿ ನೋಂದಾಯಿಸಿದ ಏಜೆಂಟರ ಪಟ್ಟಿ ಸಾರ್ವಜನಿಕವಾಗಿಯೇ ಇದೆ. ಅವರಿಗೊಂದು ನೋಂದಣಿ ಸಂಖ್ಯೆ ಇರುತ್ತದೆ. ಸಂಖ್ಯೆ ಕೇಳು, ಪಟ್ಟಿಯಲ್ಲಿ ನೋಡು, ಆಮೇಲೆ ದುಡ್ಡಿನ ಮಾತು. ಸ್ಕಿಲ್‌ಸೆಲೆಕ್ಟ್ ಅನ್ನುವ ಅಲ್ಲಿನ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಆಸಕ್ತಿ ತಿಳಿಸಿ ಹೆಸರು ಹಾಕಲು ಫೀಸೇ ಇಲ್ಲ.

ಸಿವಿಲ್ ಇಂಜಿನಿಯರ್‌ಗೆ ಅಲ್ಲಿನ ಸಂಕೇತ 233211. ಮೊದಲು ಇಂಜಿನಿಯರ್ಸ್ ಆಸ್ಟ್ರೇಲಿಯಾ ಅನ್ನುವ ಸಂಸ್ಥೆ ನಿನ್ನ ಅರ್ಹತೆ ಅಳೆಯಬೇಕು. ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾಯಿತು, ಆದರೆ ಎಲ್ಲ ಕಾಲೇಜಿನ ಎಲ್ಲ ಬ್ಯಾಚಿಗೂ ಅದು ತಾನಾಗಿ ಸಲ್ಲುವುದಿಲ್ಲ. ನಿನ್ನ ಬ್ಯಾಚು ಪಟ್ಟಿಯಲ್ಲಿ ಇಲ್ಲದಿದ್ದರೆ ನಿನ್ನದೇ ಕೆಲಸದ ಮೂರು ಪ್ರಕರಣ ಬರೆದು ಕೊಡಬೇಕು. ಅದನ್ನೂ ದುಡ್ಡಿಗೆ ಬರೆದುಕೊಡುವವರಿದ್ದಾರೆ. ಬೇರೆಯವರದ್ದನ್ನು ನಕಲು ಮಾಡಿದರೆ ಅವರು ಹಿಡಿಯುತ್ತಾರೆ. ನಿನಗೆ ನಕಲು ಯಾಕೆ ಬೇಕು? ಹರಿಹರದ ಕಡೆ ಮೋರಿಯ ಕೆಲಸ ನಡೆದಾಗ ಏಳು ದಿನದ ಕಾಂಕ್ರೀಟ್ ಕ್ಯೂಬ್ ಕಮ್ಮಿ ತಾಕತ್ತು ತೋರಿಸಿತು ಅಂತ ನೀನು ಸ್ಲ್ಯಾಬ್ ಹಾಕುವುದನ್ನೇ ನಿಲ್ಲಿಸಿದ್ದೆ. ಮರಳಿನ ಮೇಲೆ ಅನುಮಾನ ಬಂದು ಒಂದು ಚೀಲ ಮನೆಗೆ ತಂದೆ. ನಮ್ಮ ಅಡುಗೆಮನೆಯ ಖಾಲಿ ಹಾರ್ಲಿಕ್ಸ್ ಬಾಟಲಿಗೆ ಮರಳು, ಉಪ್ಪುನೀರು ಹಾಕಿ ಕುಲುಕಿ ಕಟ್ಟೆಯ ಮೇಲಿಟ್ಟೆ. ಊಟ ಮುಗಿಸಿ ಬರುವಷ್ಟರಲ್ಲಿ ಮರಳಿನ ಮೇಲೆ ದಪ್ಪನೆ ಕೆಸರಿನ ಪದರ ಕೂತಿತ್ತು. ಮಾರನೇ ದಿನ ಲೋಡು ವಾಪಸ್ ಕಳಿಸಿದೆ, ಮೇಸ್ತ್ರಿ ಬೈದ. ಅದನ್ನೇ ಬರಿ. ನಮ್ಮ ಮನೆಯವರಿಗೆ "ನಾವು ಮಾಡಿದ್ವಿ" ಅನ್ನುವ ಅಭ್ಯಾಸ. ಅಲ್ಲಿ "ನಾನು ಪರೀಕ್ಷಿಸಿದೆ, ನಾನು ನಿಲ್ಲಿಸಿದೆ" ಅಂತ ಬರೆಯದಿದ್ದರೆ ಅದು ನಿನ್ನ ಕೆಲಸ ಅಂತ ಅವರಿಗೆ ತಿಳಿಯುವುದಿಲ್ಲ. ಸಂಕೋಚ ಪಡಬೇಡ.

ಹೆಸರಿನ ವಿಷಯ ಮರೆಯಬೇಡ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ನೀನು ಬರೀ ಇನಿಷಿಯಲ್ ಜೊತೆ ಇದ್ದೀಯ, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿದ್ದಾರೆ, ಪಿಎಫ್‌ನಲ್ಲಿ ಸ್ಪೆಲಿಂಗೇ ಬೇರೆ. ಪಿಎಫ್‌ದು ಈಗಲೇ ತಿದ್ದಿಸು, ಎಲ್ಲವೂ ಒಬ್ಬಳದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸು. 34 ವರ್ಷ ಗುಮಾಸ್ತನಾಗಿದ್ದವನು ಹೇಳುತ್ತಿದ್ದೇನೆ. ಒಂದು ಕಚೇರಿಯಲ್ಲಿ ನಾನು ದುಡಿದ 11 ತಿಂಗಳನ್ನು ಸರ್ವಿಸ್ ರಿಜಿಸ್ಟರಿಗೆ ಯಾರೂ ಏರಿಸಿರಲಿಲ್ಲ. ನಿವೃತ್ತಿಯಾದ ಮೇಲೆ ಪೆನ್ಷನ್‌ಗೆ ಎರಡು ವರ್ಷ ಅಲೆದೆ. ದಿನಾ ಕುರ್ಚಿಯಲ್ಲಿ ಕೂತಿದ್ದೆ ಅಂತ ನಾನು ಹೇಳಿದರೆ ಯಾರೂ ಕೇಳಲಿಲ್ಲ.

ಮದುವೆಯ ಬಗ್ಗೆ ನಿಮ್ಮಮ್ಮ ಕೇಳುತ್ತಾಳೆ. ಸಂಗಾತಿಗೆ ಅಲ್ಲಿ ಬೇಕಾದ ಕಸುಬು, ಇಂಗ್ಲಿಷ್ ಎರಡೂ ಇದ್ದರೆ 10 ಅಂಕ ಹಾಗೇ ಉಳಿಯುತ್ತದೆ, ಇಂಗ್ಲಿಷ್ ಮಾತ್ರ ಇದ್ದರೆ 5. ಅಂಕ ನೋಡಿ ಗಂಡನ್ನು ಒಪ್ಪಬೇಡ, ಅಂಕಕ್ಕಾಗಿ ಆದ ಮದುವೆಯನ್ನು ಬಚ್ಚಿಡಲೂ ಬೇಡ. ಅವಳಿಗೆ ನಾನು ಹೇಳಿಕೊಳ್ಳುತ್ತೇನೆ.

ಸಿಡ್ನಿ, ಮೆಲ್ಬರ್ನ್ ಅಂತಲೇ ಹಟ ಮಾಡಬೇಡ. ಅಲ್ಲಿನ ರಾಜ್ಯವೊಂದು ನಿನ್ನನ್ನು ಪ್ರಾದೇಶಿಕ ವೀಸಾಕ್ಕೆ, ಅಂದರೆ ಅಂಥ ದೊಡ್ಡ ಊರುಗಳ ಹೊರಗೆ ನೆಲೆಸುವ ವೀಸಾಕ್ಕೆ, ಸೂಚಿಸಿದರೆ 15 ಅಂಕ ಸೇರುತ್ತದೆ. ಅಲ್ಲಿನ ಲೆಕ್ಕದಲ್ಲಿ ಪರ್ತ್, ಅಡಿಲೇಡ್ ಕೂಡ ಪ್ರಾದೇಶಿಕವೇ.

ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟ ಸುದ್ದಿ ಕೊನೆಗೆ ಇಟ್ಟಿದ್ದೇನೆ. ನಾಟಿ ಅನ್ನುವ ಸಂಸ್ಥೆ ಸಮುದಾಯ ಭಾಷೆಯ ಒಂದು ಪರೀಕ್ಷೆ ಮಾಡುತ್ತದೆ, ಅದರಲ್ಲಿ ಕನ್ನಡವೂ ಇದೆ. 90ಕ್ಕೆ 63 ಬಂದರೆ 5 ಅಂಕ. ಇಂಗ್ಲಿಷಿನವರೊಬ್ಬರು, ಕನ್ನಡದವರೊಬ್ಬರು ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಮಾತಾಡುತ್ತಾರೆ, ನಡುವೆ ನೀನು ಅತ್ತಿಂದಿತ್ತ ಹೇಳಬೇಕು. ನಿಮ್ಮಜ್ಜಿ ಕಲಿಸಿದ ಮಾತಿಗೆ ಅಷ್ಟು ದೂರದ ದೇಶ ಬೆಲೆ ಕಟ್ಟಿದೆ ನೋಡು! ಅನುಭವದ ಹತ್ತರ ಜೊತೆ ಬರವಣಿಗೆಯ ಅರ್ಧ ಬಂದು ಇದೂ ಬಂದರೆ, 33 ತುಂಬುವ ಮುಂಚೆ 80ಕ್ಕೆ ಮುಟ್ಟುತ್ತೀಯ.

ಭಾನುವಾರ ಸಂಜೆ ಆರಕ್ಕೆ ಫೋನ್ ಮಾಡು. ನಿನ್ನ ತಮ್ಮ ಇಂಗ್ಲಿಷಿನ ಡಾಕ್ಟರ್ ಆಗುತ್ತಾನೆ, ನಾನು ಎದೆನೋವಿನ ಮುದುಕ. ರಕ್ತದೊತ್ತಡ, ಶಸ್ತ್ರಚಿಕಿತ್ಸೆ, ಬಾಡಿಗೆ ಕರಾರು, ಜಾಮೀನು, ಇಂಥ ಪದಗಳದ್ದು ಒಂದು ಪಟ್ಟಿ ಮಾಡಿಟ್ಟಿದ್ದೇನೆ. ಕಂಟ್ರಾಕ್ಟರ್ ಪತ್ರ ಶುಕ್ರವಾರ ಕೊಡುತ್ತಾನಂತೆ, ಪಾಸ್‌ಬುಕ್ ಜೊತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ