‘ನಿದ್ದಿ ಬರ್ತದೇನವ್ವ?’ ಎಂದು ಕೇಳಿದವರಿಗೆ

ಈ ಮಳೆಗಾಲದಲ್ಲಿ ನಮ್ಮವ್ವ ಒಂದು ರಾತ್ರಿಯೂ ಎದ್ದು ನೆಲ ಮುಟ್ಟಿ ನೋಡಲಿಲ್ಲ. 2009ರ ನೆರೆಯ ನಂತರ ನಾವು ಕಾಯುತ್ತಿದ್ದುದು ಇದನ್ನೇ. ಇದಕ್ಕೆ ಕಾರಣರಾದವರಿಗೆ ಎಲ್ಲರೆದುರು ಕೃತಜ್ಞತೆ ಹೇಳದೆ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮದು ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯಲ್ಲಿ ತುಂಗಭದ್ರೆಯ ದಂಡೆಯ ಊರು. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಬಿಡದೆ, ಅಕ್ಟೋಬರ್ ಮೊದಲ ದಿನಗಳಲ್ಲಿ, ಹೊಳೆಯಾಚೆಯ ಮಂತ್ರಾಲಯವೂ ಮುಳುಗಿದ ಹೊತ್ತಿನಲ್ಲಿ, ನೀರು ನಮ್ಮ ಓಣಿಗೂ ನುಗ್ಗಿತು. ಮಣ್ಣಿನ ಗೋಡೆಗಳು ನೆನೆದು ಕುಸಿದವು. ಬಿದ್ದ ಮನೆ, ಸತ್ತ ದನ, ಕೊಚ್ಚಿಹೋದ ಬೆಳೆ ಎಲ್ಲವೂ ಪರಿಹಾರದ ಪಟ್ಟಿಗೆ ಸೇರಿದವು. ಅವ್ವನ ನಿದ್ದೆ ಯಾವ ಪಟ್ಟಿಗೂ ಸೇರಲಿಲ್ಲ. ಎತ್ತರದ ಜಾಗದಲ್ಲಿ ಆಸರೆ ಮನೆ ಸಿಕ್ಕ ಮೇಲೂ, ಹನಿ ಬಿದ್ದ ಸದ್ದಾದರೆ ಸಾಕು, ಅವಳು ಕತ್ತಲಲ್ಲೇ ಹಾಸಿಗೆಯಿಂದ ಅಂಗೈ ಇಳಿಬಿಟ್ಟು ನೆಲ ಒದ್ದೆಯಾಗಿದೆಯೇ ಎಂದು ಸವರಿ ನೋಡುವಳು. ಆಮೇಲೆ ಬಾಗಿಲ ಮೇಲಿನ ಗೂಟಕ್ಕೆ ಕಟ್ಟಿದ್ದ, ರೇಷನ್ ಕಾರ್ಡು ಮತ್ತು ಪಹಣಿ ತುಂಬಿದ ಪ್ಲಾಸ್ಟಿಕ್ ಚೀಲವನ್ನು ತಡವುವಳು. ಎಷ್ಟೋ ರಾತ್ರಿ ನಾನು ಅವಳನ್ನು ಗದರಿದ್ದೇನೆ. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮೊದಲ ನಮಸ್ಕಾರ ನಮ್ಮೂರಿನ ಆಶಾ ಕಾರ್ಯಕರ್ತೆಗೆ. ಬಾಣಂತಿಯನ್ನು ನೋಡಲು ಬಂದವರು ಅವ್ವನ ಕಣ್ಣು ನೋಡಿ, ‘ನಿದ್ದಿ ಬರ್ತದೇನವ್ವ?’ ಎಂದಷ್ಟೇ ಕೇಳಿದರು. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ಬಹಳ ಹೊತ್ತು ಅತ್ತಳು. ಅವರು ಅವಸರಪಡಿಸದೆ ಪಕ್ಕದಲ್ಲಿ ಕುಳಿತೇ ಇದ್ದರು. ಮುಂದಿನ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ತೊಂದರೆಗಳನ್ನು ನೋಡುವ ಮನೋಚೈತನ್ಯ ಕ್ಲಿನಿಕ್ಕಿಗೆ ತಾವೇ ಕರೆದೊಯ್ದರು.

ಅಲ್ಲಿನ ವೈದ್ಯರಿಗೂ ಆಪ್ತಸಮಾಲೋಚಕಿಗೂ ನಾವು ಋಣಿಗಳು. ಇಂಥ ಆಪತ್ತಿನ ಬಳಿಕ ಕೆಲವು ವಾರ ಭಯ, ನಿದ್ರಾಹೀನತೆ ಇರುವುದು ಸಹಜ, ಬಹುತೇಕರು ತಮ್ಮವರ ಆಸರೆಯಿಂದಲೇ ಚೇತರಿಸಿಕೊಳ್ಳುತ್ತಾರೆ, ಆದರೆ ತಿಂಗಳು ಮೀರಿ ದಿನದ ಬಾಳನ್ನೇ ಕೆಡಿಸಿದರೆ ಚಿಕಿತ್ಸೆ ಬೇಕು ಎಂದು ಅವರು ನಮ್ಮ ಮಾತಿನಲ್ಲೇ ತಿಳಿಸಿದರು. ನೆರೆಯ ದಿನದ ಕಥೆಯನ್ನು ಒತ್ತಾಯಿಸಿ ಹೇಳಿಸಲಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ನೆರೆಯ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ನನಗೆ ತಿಳಿದದ್ದು ಆಮೇಲೆ. ನಮ್ಮ ಸೀಮೆಯಲ್ಲೇ ಬೇರುಬಿಟ್ಟ ಕೆಲಸ ಅವ್ವನವರೆಗೆ ಬಂದು ಮುಟ್ಟಿತಲ್ಲ ಎಂದು ಎದೆ ತುಂಬಿ ಬರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದ ಸುದ್ದಿ ಬಂದಾಗ ಅವ್ವನ ಹಳೆಯ ಭಯ ಮರಳಿತು. ನಡುಗುವ ಕೈಯಲ್ಲಿ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಿದೆ. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲಿ ಅವ್ವನೊಂದಿಗೆ ಮಾತಾಡಿ ಉಸಿರು ಹದಕ್ಕೆ ತಂದರು, ಟಿ.ವಿ.ಯನ್ನು ಸದಾ ಹಚ್ಚಿಡಬೇಡಿ, ಒಬ್ಬರನ್ನೇ ಬಿಡಬೇಡಿ ಎಂದು ನನಗೂ ಹೇಳಿದರು. ಅವರ ಹೆಸರನ್ನು ಕೇಳಲೂ ಮರೆತೆ.

ಕೊನೆಯದಾಗಿ, ನಮ್ಮ ಓಣಿಯ ಅವ್ವಂದಿರಿಗೆ. ತಾತ್ಕಾಲಿಕ ಗೇಟು ಕೂರುವವರೆಗೂ ಅವರೆಲ್ಲ ನಮ್ಮ ಪಡಸಾಲೆಯಲ್ಲೇ ಮಲಗಿದರು, ಪಾಳಿ ಹಚ್ಚಿಕೊಂಡು ಒಬ್ಬೊಬ್ಬರೇ ಎಚ್ಚರವಿದ್ದರು. ‘ನಾ ಕುಂತೀನಿ, ನೀ ಮಲ್ಕೊ’ ಎಂಬ ಮಾತಿಗೆ ಅವ್ವ ಕಣ್ಣು ಮುಚ್ಚಿದ್ದನ್ನು ನಾನು ನೋಡಿದ್ದೇನೆ.

ಕಳೆದ ತಿಂಗಳು ಅವಳು ಆ ಚೀಲವನ್ನು ಬಾಗಿಲ ಮೇಲಿನಿಂದ ಇಳಿಸಿ ಟ್ರಂಕಿನೊಳಗೆ ಇಟ್ಟಳು. ಆಶಾ ಕಾರ್ಯಕರ್ತೆ ಬಂದಾಗ, ಖಾಲಿ ಗೂಟವನ್ನು ತಾನೇ ಕೈಮಾಡಿ ತೋರಿಸಿದಳು.